ಗುಲಗಂಜಿ ಹುಳುವನ್ನು ಕರೆಸಿದ ರೈಲಿ



ಬೆಳೆಗೆ ಹುಳು ಬಿತ್ತೆಂದರೆ ನಮಗೆ ಮೊದಲು ನೆನಪಾಗುವುದು ಔಷಧಿ ಅಂಗಡಿ. ಡಬ್ಬಿ ತಂದು, ನೀರಿಗೆ ಬೆರೆಸಿ, ಪಂಪು ಹೆಗಲಿಗೇರಿಸಿ ಹೊಡೆದರೆ ಎರಡು ದಿನದಲ್ಲಿ ಗಿಡ ಸ್ವಚ್ಛ. ಆದರೆ ಕೆಲವು ವಾರ ಕಳೆಯುವುದರೊಳಗೆ ಅದೇ ಹುಳು ಮೊದಲಿಗಿಂತ ಹೆಚ್ಚಾಗಿ ಮರಳಿ ಬಂದದ್ದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಔಷಧಿ ಕಲಬೆರಕೆಯದು ಎಂದೋ, ಪ್ರಮಾಣ ಸಾಲಲಿಲ್ಲ ಎಂದೋ ತಿಳಿದು ಇನ್ನೊಮ್ಮೆ ಹೊಡೆದಿದ್ದೀರಿ. ಎಲ್ಲ ಸಲವೂ ತಪ್ಪು ಅಲ್ಲಿಯೇ ಇರಬೇಕೆಂದಿಲ್ಲ. ಮೊದಲ ಸಿಂಪರಣೆಯಲ್ಲಿ ಶತ್ರುವಿನ ಜೊತೆಗೆ ಇನ್ನಾರು ಸತ್ತರು ಎಂಬ ಲೆಕ್ಕವನ್ನು ನಾವು ಇಡುವುದಿಲ್ಲ.

ಈ ಲೆಕ್ಕದ ಬೆಲೆ ಎಷ್ಟೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ ಒಬ್ಬರ ಜೀವನ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇವೆ. ಅವರ ಹೆಸರು ಚಾರ್ಲ್ಸ್ ವ್ಯಾಲೆಂಟೈನ್ ರೈಲಿ. ಅಮೆರಿಕದಲ್ಲಿ ಕೃಷಿ ಕೀಟಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಇವರು ಔಷಧಿಯ ವೈರಿಯಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಿಂಪರಣೆಯ ಉಪಕರಣವನ್ನು ಸುಧಾರಿಸಿ ರೈತರ ಕೈಗೆ ಕೊಟ್ಟವರಲ್ಲಿ ಇವರೂ ಸೇರಿದ್ದರು. ಆದ್ದರಿಂದಲೇ ಇವರ ಕಥೆ ನಮಗೆ ಹೆಚ್ಚು ಉಪಯುಕ್ತ.

ಹೊಲದ ಆಳಾಗಿ ಆರಂಭ

ರೈಲಿ ಹುಟ್ಟಿದ್ದು ಇಂಗ್ಲೆಂಡಿನ ಲಂಡನ್ ನಗರದಲ್ಲಿ, 1843ರ ಸೆಪ್ಟೆಂಬರ್ ತಿಂಗಳಲ್ಲಿ. ಬಾಲ್ಯದಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಶಾಲೆಗಳಲ್ಲಿ ಓದಿದರು. ಹುಳುಹುಪ್ಪಟೆಗಳನ್ನು ಹಿಡಿದು ತಂದು ಅವುಗಳ ಚಿತ್ರ ಬರೆಯುವುದು ಅವರ ಮೆಚ್ಚಿನ ಹವ್ಯಾಸ. ಸುಮಾರು ಹದಿನೇಳರ ವಯಸ್ಸಿನಲ್ಲಿ, 1860ರಲ್ಲಿ, ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಇಲಿನಾಯ್ ಪ್ರಾಂತದ ಒಂದು ಹೊಲದಲ್ಲಿ ಆಳಾಗಿ ಸೇರಿ ಸುಮಾರು ಮೂರು ವರ್ಷ ದುಡಿದರು. ಬೆಳೆದು ನಿಂತ ಪೈರನ್ನು ಹುಳು ತಿಂದುಹಾಕಿದರೆ ಬೇಸಾಯಗಾರನ ಮನೆಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿದ ಸಂಗತಿಯಲ್ಲ.

ಮುಂದೆ ಷಿಕಾಗೋ ನಗರಕ್ಕೆ ಬಂದು, ರೈತರಿಗಾಗಿಯೇ ಪ್ರಕಟವಾಗುತ್ತಿದ್ದ ಪ್ರೇರಿ ಫಾರ್ಮರ್ ಎಂಬ ಪತ್ರಿಕೆ ಸೇರಿದರು. ನೀವು ಈಗ ಓದುತ್ತಿರುವ ಪುಟದಂಥ ಪುಟವನ್ನೇ ಅವರು ಅಲ್ಲಿ ನೋಡಿಕೊಳ್ಳುತ್ತಿದ್ದರು. ಬೆಳೆಗಳ ಕೀಟಗಳ ವಿಷಯ ಬರೆಯುವುದು, ಅವುಗಳ ಚಿತ್ರ ಬಿಡಿಸುವುದು, ರೈತರ ಸಂದೇಹಗಳಿಗೆ ಉತ್ತರ ಕೊಡುವುದು ಅವರ ಕೆಲಸ. 1864ರಲ್ಲಿ ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಕೆಲವು ತಿಂಗಳು ಸೈನ್ಯದಲ್ಲಿಯೂ ಸೇವೆ ಮಾಡಿ ಮರಳಿ ಅದೇ ಕೆಲಸಕ್ಕೆ ಬಂದರು.

1868ರಲ್ಲಿ ಮಿಸೌರಿ ರಾಜ್ಯ ಸರ್ಕಾರ ಅವರನ್ನು ತನ್ನ ಮೊದಲ ರಾಜ್ಯ ಕೀಟಶಾಸ್ತ್ರಜ್ಞರನ್ನಾಗಿ ನೇಮಿಸಿತು. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಅಲ್ಲಿ ಅವರು ಬರೆದ ಒಂಬತ್ತು ವಾರ್ಷಿಕ ವರದಿಗಳನ್ನು ವಿಜ್ಞಾನಿ ಡಾರ್ವಿನ್ ಕೂಡ ಬಹುವಾಗಿ ಮೆಚ್ಚಿಕೊಂಡರು. ಒಂದು ಕೀಟ ಎಲ್ಲಿ ಮೊಟ್ಟೆ ಇಡುತ್ತದೆ, ಮರಿ ಏನು ತಿನ್ನುತ್ತದೆ, ಎಲ್ಲಿ ಕೋಶ ಕಟ್ಟುತ್ತದೆ ಎಂದು ಬರೆಯುವುದಷ್ಟೇ ಅಲ್ಲದೆ, ಆ ಕೀಟವನ್ನು ತಿಂದು ಬದುಕುವ ಕೀಟಗಳಾವುವು ಎಂಬುದನ್ನೂ ಅವರು ಬರೆಯುತ್ತಿದ್ದರು.

ಔಷಧಿಯೂ ಬೇಕು, ವಿವೇಚನೆಯೂ ಬೇಕು

ಆ ದಿನಗಳಲ್ಲಿ ಅಮೆರಿಕದ ಆಲೂಗೆಡ್ಡೆ ಬೆಳೆಗೆ ಪಟ್ಟೆ ದುಂಬಿಯೊಂದು ಬಿದ್ದು ಪಶ್ಚಿಮದಿಂದ ಪೂರ್ವಕ್ಕೆ ಹೊಲ ಹೊಲಗಳನ್ನೇ ನುಂಗುತ್ತ ಸಾಗಿತ್ತು. ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿಯನ್ನು ಎರಚಿ ಅದನ್ನು ತಡೆಯಬಹುದೆಂದು ರೈಲಿ ಶಿಫಾರಸು ಮಾಡಿದರು. ತಾಮ್ರ ಮತ್ತು ಪಾಷಾಣ ಸೇರಿದ ಘೋರ ವಿಷ ಅದು. ಬೇರೆ ದಾರಿಯಿಲ್ಲದ ಕಡೆ ವಿಷ ಹಾಕಲು ಅವರು ಹಿಂಜರಿಯಲಿಲ್ಲ. ಆದರೆ ಅದೇ ದುಂಬಿಯ ಮೊಟ್ಟೆಗಳನ್ನು ತಿನ್ನುವ ಗುಲಗಂಜಿ ಹುಳುಗಳನ್ನೂ ತಮ್ಮ ವರದಿಯಲ್ಲಿ ಗುರುತಿಸಿ, ರೈತರು ಅವನ್ನು ಕೊಲ್ಲದಂತೆ ತಿಳಿಯಹೇಳಿದರು.

1870ರ ದಶಕದಲ್ಲಿ ಮಿಡತೆಗಳ ಹಿಂಡು ಮಧ್ಯ ಅಮೆರಿಕದ ಪ್ರಾಂತಗಳ ಮೇಲೆ ಎರಗಿದಾಗ ಅದನ್ನು ಎದುರಿಸಲು ನೇಮಿಸಿದ ಆಯೋಗಕ್ಕೆ ರೈಲಿಯವರೇ ಮುಖ್ಯಸ್ಥರು. ಬೆಳೆ ಹೋದವರು ಹಸಿವಿನಿಂದ ಸಾಯಬಾರದೆಂದು ಮಿಡತೆಯನ್ನೇ ಅಡುಗೆ ಮಾಡಿಸಿ ಉಂಡು ತೋರಿಸಿದ ಗಟ್ಟಿಗರು ಅವರು.

ಅದೇ ಕಾಲದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಬೇರಿಗೆ ಬಿದ್ದ ಹೇನಿನಂಥ ಒಂದು ಕೀಟದಿಂದ ಒಣಗಿ ಹೋಗುತ್ತಿದ್ದವು. ಅದು ಅಮೆರಿಕದ ದ್ರಾಕ್ಷಿಯ ಮೇಲಿರುವ ಕೀಟವೇ ಎಂದು ರೈಲಿ ಖಚಿತಪಡಿಸಿದರು. ಅಮೆರಿಕದ ದ್ರಾಕ್ಷಿಯ ಬೇರು ಆ ಕೀಟವನ್ನು ತಾಳಿಕೊಳ್ಳುವುದರಿಂದ, ಆ ಬೇರಿನ ಮೇಲೆ ಫ್ರಾನ್ಸಿನ ದ್ರಾಕ್ಷಿಯನ್ನು ಕಸಿ ಕಟ್ಟುವ ವಿಧಾನಕ್ಕೆ ಬೆಂಬಲವಾಗಿ ನಿಂತರು. ಫ್ರಾನ್ಸ್ ಸರ್ಕಾರ ಚಿನ್ನದ ಪದಕ ಕೊಟ್ಟು ಗೌರವಿಸಿತು. ಇದೇ ಸಂದರ್ಭದಲ್ಲಿ, 1873ರಲ್ಲಿ, ಆ ಕೀಟವನ್ನು ತಿನ್ನುವ ಒಂದು ಬಗೆಯ ನುಸಿಯನ್ನು ಅಮೆರಿಕದಿಂದ ಫ್ರಾನ್ಸಿಗೆ ಕಳುಹಿಸಿದರು. ನುಸಿ ಅಲ್ಲಿ ನೆಲೆ ನಿಂತಿತು, ಆದರೆ ಕೀಟವನ್ನು ಹತೋಟಿಗೆ ತರಲಿಲ್ಲ. ಹತ್ತು ವರ್ಷಗಳ ನಂತರ ಇಂಗ್ಲೆಂಡಿನಿಂದ ಒಂದು ಪುಟ್ಟ ಕಣಜವನ್ನು ತರಿಸಿ ಎಲೆಕೋಸಿನ ಹುಳುವಿನ ಮೇಲೆ ಬಿಟ್ಟರು. ಅದು ಅಮೆರಿಕದಲ್ಲಿ ನೆಲೆಯೂರಿತು.

ಅಷ್ಟು ಹೊತ್ತಿಗೆ ರೈಲಿ ವಾಷಿಂಗ್ಟನ್ನಿನಲ್ಲಿ ಕೇಂದ್ರ ಸರ್ಕಾರದ ಕೃಷಿ ಇಲಾಖೆಯ ಮುಖ್ಯ ಕೀಟಶಾಸ್ತ್ರಜ್ಞರಾಗಿದ್ದರು. ಸೀಮೆಎಣ್ಣೆ, ಸಾಬೂನು ಮತ್ತು ನೀರನ್ನು ಕಡೆದು ಮಾಡುವ ಸಿಂಪರಣಾ ಮಿಶ್ರಣವನ್ನು ಹದಗೊಳಿಸಿದ್ದು ಅವರ ಕೈಕೆಳಗಿನವರೇ. ದ್ರಾವಣವನ್ನು ಸುಳಿಯಂತೆ ತಿರುಗಿಸಿ ಮಂಜಿನಂತೆ ಹರಡುವ ಮೂತಿಯೂ ಅವರ ಕಚೇರಿಯಿಂದಲೇ ಬಂತು. ಇಂದು ನಿಮ್ಮ ಪಂಪಿನ ತುದಿಯಲ್ಲಿರುವ ಮೂತಿ ಕೆಲಸ ಮಾಡುವುದೂ ಆ ತತ್ವದ ಮೇಲೆಯೇ.

ಕಿತ್ತಳೆ ತೋಟಕ್ಕೆ ಬಿಳಿ ಮಾರಿ

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ, ನಿಂಬೆ ತೋಟಗಳು ಆಗತಾನೆ ಏಳುತ್ತಿದ್ದವು. 1868ರ ಸುಮಾರಿಗೆ ಆಸ್ಟ್ರೇಲಿಯಾದ ಜಾಲಿ ಜಾತಿಯ ಗಿಡಗಳ ಜೊತೆಗೆ ಒಂದು ಶಲ್ಕ ಕೀಟ ಅಲ್ಲಿಗೆ ಬಂದಿಳಿಯಿತು. ಚಿಪ್ಪಿನಂತೆ ತೊಗಟೆಗೆ ಅಂಟಿ ಕೂತು ರಸ ಹೀರುವ ಜಾತಿ ಇದು. ಹೆಣ್ಣು ತನ್ನ ಬೆನ್ನ ಹಿಂದೆ ಹತ್ತಿಯ ದಿಂಬಿನಂಥ ಬಿಳಿ ಚೀಲ ಕಟ್ಟಿ ಅದರೊಳಗೆ ನೂರಾರು ಕೆಂಪು ಮೊಟ್ಟೆ ಇಡುತ್ತದೆ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗಳೆಲ್ಲ ಮಸಿ ಬಳಿದಂತಾಗುತ್ತವೆ. ದೂರದಿಂದ ನೋಡಿದರೆ ಗಿಡದ ಮೇಲೆ ಹತ್ತಿ ಚೆಲ್ಲಿದಂತೆ ಕಾಣುತ್ತಿತ್ತು.

1880ರ ದಶಕದಲ್ಲಿ ತೋಟಗಾರರು ಮಾಡದ ಪ್ರಯತ್ನವಿರಲಿಲ್ಲ. ಸೀಮೆಎಣ್ಣೆ ಮಿಶ್ರಣ ಹೊಡೆದರು. ಗಿಡಕ್ಕೆ ಡೇರೆ ಮುಚ್ಚಿ ವಿಷಾನಿಲ ಬಿಟ್ಟರು. ಮೇಣದ ಹೊದಿಕೆಯ ಕೆಳಗೆ ಕೂತ ಕೀಟಕ್ಕೆ ಹೊಡೆದದ್ದು ಪೂರ್ತಿ ತಾಗುತ್ತಿರಲಿಲ್ಲ. ಉಳಿದ ಕೆಲವೇ ಮೊಟ್ಟೆಗಳಿಂದ ಮತ್ತೆ ಮರವಿಡೀ ತುಂಬುತ್ತಿತ್ತು. ಕೊನೆಗೆ ಎಷ್ಟೋ ಮಂದಿ ಹಲವು ವರ್ಷ ಸಾಕಿದ ಮರಗಳನ್ನು ಕಡಿದು ಬೆಂಕಿಗೆ ಹಾಕಿದರು. ನೀವೇ ಬೆಳೆಸಿದ ತೆಂಗಿನ ತೋಟಕ್ಕೋ ಅಡಿಕೆ ತೋಟಕ್ಕೋ ನೀವೇ ಕೊಡಲಿ ಹಾಕುವ ದಿನವನ್ನು ಊಹಿಸಿಕೊಂಡರೆ ಅವರ ಸಂಕಟ ಅರ್ಥವಾಗುತ್ತದೆ.

ರೈಲಿ ಬೇರೆ ಬಗೆಯಲ್ಲಿ ಯೋಚಿಸಿದರು. ಈ ಕೀಟದ ತವರು ಆಸ್ಟ್ರೇಲಿಯಾ. ಅಲ್ಲಿ ಇದು ಇಂಥ ಪಿಡುಗಾಗಿ ಕಾಡುತ್ತಿಲ್ಲ. ಹಾಗಾದರೆ ಅಲ್ಲಿ ಇದನ್ನು ತಿನ್ನುವವರು ಯಾರೋ ಇರಲೇಬೇಕು. ಕೀಟ ಕಡಲು ದಾಟಿ ಬಂದಿದೆ, ಅದನ್ನು ತಿನ್ನುವವರು ತವರಿನಲ್ಲೇ ಉಳಿದಿದ್ದಾರೆ. ಆ ಮಿತ್ರರನ್ನು ಕರೆತಂದರೆ ಕೆಲಸವಾದೀತು. 1887ರಲ್ಲಿ ಕ್ಯಾಲಿಫೋರ್ನಿಯಾದ ತೋಟಗಾರರ ಸಭೆಯಲ್ಲಿ ಈ ವಿಚಾರವನ್ನು ಅವರು ಬಹಿರಂಗವಾಗಿಯೇ ಮುಂದಿಟ್ಟರು.

ಆದರೆ ಇಲಾಖೆಯ ಕೀಟಶಾಸ್ತ್ರಜ್ಞರು ವಿದೇಶ ಪ್ರಯಾಣ ಮಾಡಬಾರದೆಂಬ ನಿರ್ಬಂಧವಿತ್ತು. 1888ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುವುದಿತ್ತು. ಆ ಪ್ರದರ್ಶನಕ್ಕೆ ಹೋಗುವ ತಂಡದ ಲೆಕ್ಕದಲ್ಲಿ ರೈಲಿ ತಮ್ಮ ಸಹಾಯಕ ಆಲ್ಬರ್ಟ್ ಕೋಬೆಲೆಯನ್ನು ಹಡಗು ಹತ್ತಿಸಿದರು. ರೈಲಿಯವರ ನಂಬಿಕೆಯೆಲ್ಲ ಇದ್ದದ್ದು ಶಲ್ಕ ಕೀಟದೊಳಗೆ ಮೊಟ್ಟೆ ಇಡುವ ಒಂದು ಸಣ್ಣ ನೊಣದ ಮೇಲೆ. ಕೋಬೆಲೆ ಆ ನೊಣಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಳುಹಿಸಿದರು. ಅದರ ನಡುವೆ ಅಡಿಲೇಡ್ ನಗರದ ಒಂದು ತೋಟದಲ್ಲಿ, ಗುಲಗಂಜಿ ಬೀಜಕ್ಕಿಂತಲೂ ಚಿಕ್ಕದಾದ, ಕೆಂಪು ಕಪ್ಪು ಬಣ್ಣದ ಹುಳುವೊಂದು ಶಲ್ಕ ಕೀಟವನ್ನು ತಿನ್ನುತ್ತಿದ್ದುದನ್ನು ಕಂಡರು. ಅದನ್ನೂ ಹಿಡಿದು ಕಳುಹಿಸಿದರು. ಅದೇ ವೆಡಾಲಿಯಾ ಎಂಬ ಗುಲಗಂಜಿ ಹುಳು.

ಬಂದದ್ದು 129, ಉಳಿದದ್ದು ಒಂದು ನಾಡಿನ ತೋಟ

ಹಡಗಿನಲ್ಲಿ ತಂಪಾಗಿಟ್ಟು ಕಳುಹಿಸಿದ ಪೆಟ್ಟಿಗೆಗಳಲ್ಲಿ ಮೊದಲ ಸಲ ಜೀವಂತವಾಗಿ ತಲುಪಿದ ವೆಡಾಲಿಯಾ 28. ಎರಡನೆಯ ಸಲ 44. 1889ರ ಜನವರಿಯಲ್ಲಿ ಮೂರನೆಯ ಸಲ 57. ಒಟ್ಟು 129. ಲಾಸ್ ಏಂಜಲಿಸ್ ನಗರದ ಒಂದು ತೋಟದಲ್ಲಿ ಕೀಟ ತುಂಬಿದ ಕಿತ್ತಳೆ ಮರಕ್ಕೆ ಡೇರೆ ಕಟ್ಟಿ ಅದರೊಳಗೆ ಇವನ್ನು ಬಿಟ್ಟರು. ಬೇಸಗೆ ಬರುವ ಹೊತ್ತಿಗೆ ಆ ಮರದಲ್ಲಿ ತಿನ್ನಲು ಕೀಟವೇ ಉಳಿದಿರಲಿಲ್ಲ. ಡೇರೆಯ ಒಂದು ಬದಿ ತೆರೆದರು. ಹುಳುಗಳು ಪಕ್ಕದ ಮರಗಳಿಗೆ ಹರಡಿದವು. ಸುದ್ದಿ ತಿಳಿದ ತೋಟಗಾರರು ಪೆಟ್ಟಿಗೆ ಹಿಡಿದು ಬಂದು ಹುಳುಗಳನ್ನು ತುಂಬಿಸಿಕೊಂಡು ಹೋದರು. ಜೂನ್ ತಿಂಗಳ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಹುಳುಗಳು ಹಂಚಿಹೋಗಿದ್ದವು. ಲಾಸ್ ಏಂಜಲಿಸ್ ಜಿಲ್ಲೆಯಿಂದ ರೈಲಿನಲ್ಲಿ ಹೋಗುತ್ತಿದ್ದ ಕಿತ್ತಳೆ ಒಂದೇ ವರ್ಷದಲ್ಲಿ 700 ಬೋಗಿಗಳಿಂದ 2,000 ಬೋಗಿಗಳಿಗೆ ಏರಿತು. ಈ ಇಡೀ ಕಾರ್ಯಕ್ಕೆ ತಗುಲಿದ ವೆಚ್ಚ 2,000 ಡಾಲರಿಗೂ ಕಡಿಮೆ.

ಈ ಹುಳು ಗೆದ್ದದ್ದೇಕೆ? ಇದಕ್ಕೆ ಬೇರೆ ಆಹಾರ ಬೇಡ, ಆ ಶಲ್ಕ ಕೀಟವೇ ಬೇಕು. ಹೆಣ್ಣು ತನ್ನ ಮೊಟ್ಟೆಯನ್ನು ಕೀಟದ ಮೈಮೇಲೆಯೇ, ಇಲ್ಲವೆ ಆ ಬಿಳಿ ಚೀಲದ ಮೇಲೆಯೇ ಇಡುತ್ತದೆ. ಒಡೆದು ಬಂದ ಮರಿ ಚೀಲದೊಳಗೆ ನುಗ್ಗಿ ಮೊಟ್ಟೆಗಳನ್ನು ತಿನ್ನುತ್ತದೆ. ಬೆಚ್ಚಗಿನ ಕಾಲದಲ್ಲಿ ಒಂದು ತಿಂಗಳೊಳಗೆ ಒಂದು ತಲೆಮಾರು ಮುಗಿದು ಮುಂದಿನದು ಆರಂಭ. ಒಂದು ಮರದಲ್ಲಿ ಆಹಾರ ಮುಗಿದರೆ ಹಾರಿ ಇನ್ನೊಂದನ್ನು ಹುಡುಕುತ್ತದೆ.

ಕೀರ್ತಿ ಯಾರಿಗೆ ಸೇರಬೇಕೆಂಬ ಜಗಳವೂ ಹುಟ್ಟಿತು. ತೋಟಗಾರರು ಕೋಬೆಲೆಗೆ ಚಿನ್ನದ ಗಡಿಯಾರ ಉಡುಗೊರೆ ಕೊಟ್ಟರು. ಯೋಜನೆ ಹಾಕಿದ ರೈಲಿಯವರನ್ನು ಕ್ಯಾಲಿಫೋರ್ನಿಯಾದಲ್ಲಿ ಅಷ್ಟಾಗಿ ನೆನೆಯಲಿಲ್ಲ. ಅವರಿಗೆ ಇದರಿಂದ ನೋವಾದದ್ದು ನಿಜ. ಇನ್ನು ಮುಂದೆ ಎಲ್ಲ ಪಿಡುಗಿಗೂ ಯಾವುದಾದರೊಂದು ಗುಲಗಂಜಿ ಹುಳು ತಂದರೆ ಸಾಕೆಂದು ಜನ ಹೊರಟಾಗ, ಹಾಗಲ್ಲ, ಒಂದೊಂದು ಕೀಟಕ್ಕೂ ಪರೀಕ್ಷಿಸಿ ನೋಡಬೇಕು, ಸಿಂಪರಣೆಯನ್ನೂ ಕೈಬಿಡಬಾರದು ಎಂದು ಅವರು ಎಚ್ಚರಿಸಿದರು.

1894ರಲ್ಲಿ ಅವರು ಹುದ್ದೆ ಬಿಟ್ಟರು. ಮರುವರ್ಷ, 1895ರ ಸೆಪ್ಟೆಂಬರ್ 14ರಂದು, ವಾಷಿಂಗ್ಟನ್ನಿನ ಇಳಿಜಾರು ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಚಕ್ರ ಒಂದು ಕಲ್ಲಿಗೆ ತಗುಲಿ ಬಿದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ಅದೇ ದಿನ ತೀರಿಕೊಂಡರು. ಐವತ್ತೆರಡು ತುಂಬಲು ಇನ್ನು ಕೆಲವೇ ದಿನಗಳಿದ್ದವು.

ಅರ್ಧ ಶತಮಾನದ ನಂತರ

ರೈಲಿ ಸತ್ತ ಮೇಲೂ ವೆಡಾಲಿಯಾ ತನ್ನ ಕೆಲಸ ಮಾಡುತ್ತಲೇ ಇತ್ತು. ಸುಮಾರು ಅರವತ್ತು ವರ್ಷ ಕ್ಯಾಲಿಫೋರ್ನಿಯಾದ ತೋಟಗಾರರು ಆ ಬಿಳಿ ಕೀಟವನ್ನು ಮರೆತೇಬಿಟ್ಟಿದ್ದರು. ಅದನ್ನು ತಿನ್ನುವ ಹುಳುವನ್ನೂ ಮರೆತಿದ್ದರು.

1939ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಡಿಡಿಟಿಯ ಕೀಟನಾಶಕ ಗುಣ ಪತ್ತೆಯಾಯಿತು. ಯುದ್ಧ ಮುಗಿದ ಮೇಲೆ ಅದು ಹೊಲ ತೋಟಗಳಿಗೂ ಬಂತು. 1946 ಮತ್ತು 1947ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ತೋಟಗಾರರು ಕಿತ್ತಳೆಯ ಬೇರೆ ಕೀಟಗಳಿಗೆಂದು ಡಿಡಿಟಿ ಹೊಡೆದರು. ಆ ಕೀಟಗಳು ಸತ್ತವು. ವೆಡಾಲಿಯಾ ಕೂಡ ಸತ್ತಿತು. ಮೇಣದ ಹೊದಿಕೆಯ ಬಿಳಿ ಶಲ್ಕ ಕೀಟಕ್ಕೆ ಮಾತ್ರ ಡಿಡಿಟಿಯಿಂದ ಹೆಚ್ಚು ಹಾನಿಯಾಗಲಿಲ್ಲ. ತಿನ್ನುವವರಿಲ್ಲದ ತೋಟದಲ್ಲಿ ಅದು ಮತ್ತೆ ತಲೆಯೆತ್ತಿತು. ಅಜ್ಜಂದಿರ ಕಾಲದಲ್ಲಿ ಕಂಡಿದ್ದ ಬಿಳಿ ಮರಗಳು ಮೊಮ್ಮಕ್ಕಳ ಕಾಲದಲ್ಲಿ ಮತ್ತೆ ಕಂಡವು. ಡಿಡಿಟಿ ನಿಲ್ಲಿಸಿ, ಬೇರೆಡೆಯಿಂದ ವೆಡಾಲಿಯಾ ತಂದು ಬಿಟ್ಟ ಮೇಲೆಯೇ ಪಿಡುಗು ಇಳಿದದ್ದು.

ಅದೇ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಡಿಬಾಕ್ ಎಂಬ ಕೀಟಶಾಸ್ತ್ರಜ್ಞರು ಒಂದು ಪರೀಕ್ಷೆ ಮಾಡಿದರು. ಒಂದೇ ತೋಟದ ಕೆಲವು ಮರಗಳಿಗೆ ಬೇಕೆಂದೇ ಡಿಡಿಟಿ ಹೊಡೆದು ಮಿತ್ರಕೀಟಗಳನ್ನು ದೂರವಿಟ್ಟರು. ಕೆಲವು ಮರಗಳನ್ನು ಹಾಗೆಯೇ ಬಿಟ್ಟರು. ಔಷಧಿ ಹೊಡೆದ ಮರಗಳಲ್ಲಿಯೇ ಹಿಟ್ಟು ತಿಗಣೆ ಹೆಚ್ಚಿತು.

ಡಿಡಿಟಿ ಹಳೆಯ ಮಾತು, ನಮ್ಮ ದೇಶದಲ್ಲಿಯೂ 1989ರಲ್ಲಿ ಕೃಷಿಗೆ ಅದರ ಬಳಕೆ ನಿಂತಿತಲ್ಲ ಎಂದು ನೀವು ಹೇಳಬಹುದು. ಆದರೆ 1990ರ ದಶಕದ ಕೊನೆಯಲ್ಲಿ ಅದೇ ಕಣಿವೆಯಲ್ಲಿ ಅದೇ ಕಥೆ ಮತ್ತೆ ನಡೆಯಿತು. ಆಗ ಬಂದದ್ದು ಕೀಟದ ಬೆಳವಣಿಗೆಯನ್ನು ತಡೆಯುವ ಹೊಸ ಜಾತಿಯ ಔಷಧಿ, ಮನುಷ್ಯರಿಗೆ ಹಳೆಯವುಗಳಷ್ಟು ಅಪಾಯಕಾರಿಯಲ್ಲದ್ದು. ದೊಡ್ಡ ವೆಡಾಲಿಯಾ ಅದರಿಂದ ಕೂಡಲೇ ಸಾಯಲಿಲ್ಲ. ಆದರೆ ಅದರ ಮೊಟ್ಟೆ ಒಡೆಯಲಿಲ್ಲ, ಮರಿ ಬೆಳೆದು ದುಂಬಿಯಾಗಲಿಲ್ಲ. ಬಿಳಿ ಕೀಟ ಮತ್ತೆ ಬಂತು. ನಮಗೆ ಮೆತ್ತಗಿನ ಔಷಧಿ ಮಿತ್ರಕೀಟಕ್ಕೂ ಮೆತ್ತಗೇ ಇರುತ್ತದೆ ಎಂದು ಹೇಳಲಾಗದು.

ಸ್ನೇಹಿತನೇ ಮೊದಲು ಸಾಯುವುದೇಕೆ?

ಬೆಳೆ ತಿನ್ನುವ ಕೀಟ ಸಾಮಾನ್ಯವಾಗಿ ಒಂದೆಡೆ ಅಂಟಿಕೊಂಡು, ಸುಳಿಯೊಳಗೆ ಅಥವಾ ಮೇಣದ ಕೆಳಗೆ ಅಡಗಿ ಕೂರುತ್ತದೆ. ಅದನ್ನು ತಿನ್ನುವ ಹುಳು ಬೇಟೆ ಹುಡುಕುತ್ತ ಎಲೆಯಿಂದ ಎಲೆಗೆ ಓಡಾಡುತ್ತದೆ. ಆದ್ದರಿಂದ ಔಷಧಿ ಅದರ ಕಾಲಿಗೆ, ಹೊಟ್ಟೆಗೆ ಹೆಚ್ಚು ಹತ್ತುತ್ತದೆ. ವಿಷ ತಾಗಿದ ಕೀಟವನ್ನು ತಿಂದರೂ ಅದಕ್ಕೆ ಅಪಾಯ. ಒಂದು ವೇಳೆ ಬದುಕಿದರೂ ತಿನ್ನಲು ಕೀಟ ಇಲ್ಲದೆ ತೋಟ ಬಿಟ್ಟು ಹೋಗುತ್ತದೆ. ಇತ್ತ ಬೆಳೆ ತಿನ್ನುವ ಕೀಟಕ್ಕೆ ಆಹಾರದ ಚಿಂತೆಯಿಲ್ಲ; ನಿಮ್ಮ ಬೆಳೆ ಹಾಗೇ ನಿಂತಿದೆ. ಉಳಿದ ನಾಲ್ಕೇ ಕೀಟ ಮರಿ ಹಾಕುತ್ತ ಹೋಗುತ್ತವೆ. ಅವುಗಳನ್ನು ತಿನ್ನುವವರ ಸಂಖ್ಯೆ ಮತ್ತೆ ಹೆಚ್ಚುವುದು ಎಷ್ಟೋ ದಿನದ ನಂತರ. ಸಿಂಪರಣೆಯಾದ ಮೇಲೆ ಹುಳು ಇಮ್ಮಡಿಯಾಗಿ ಬರುವುದಕ್ಕೆ ಇದು ಒಂದು ಮುಖ್ಯ ಕಾರಣ.

ನಮ್ಮಲ್ಲಿಗೆ ಬಂದ ನೆಂಟರು

ರೈಲಿ ಕರೆಸಿದ ವೆಡಾಲಿಯಾ ನಮ್ಮ ಪಕ್ಕದ ನೀಲಗಿರಿಗೂ ಬಂದಿದೆ. ಅಲ್ಲಿನ ವಾಟಲ್ ಮರಗಳ ಮೇಲೆ ಅದೇ ಬಿಳಿ ಶಲ್ಕ ಕೀಟ ಕಾಣಿಸಿಕೊಂಡಾಗ ಈ ಹುಳುವನ್ನು ತರಿಸಿ ಬಿಟ್ಟು ಹತೋಟಿ ಮಾಡಿದರು.

ಇದಕ್ಕಿಂತ ಹತ್ತಿರದ ನೆಂಟ ಕ್ರಿಪ್ಟೋಲೀಮಸ್. ಇದೂ ಆಸ್ಟ್ರೇಲಿಯಾದ ಗುಲಗಂಜಿ ಹುಳುವೇ. ಕೋಬೆಲೆ ತಮ್ಮ ಎರಡನೆಯ ಪ್ರವಾಸದಲ್ಲಿ ಇದನ್ನು ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಿದರು. ದಕ್ಷಿಣ ಭಾರತಕ್ಕೆ ಇದು 1898ರಲ್ಲಿಯೇ ಬಂತು. ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ತಂದದ್ದು ಆ ಕೆಲಸಕ್ಕೆ ಒದಗಲಿಲ್ಲ, ಆದರೆ ಹಿಟ್ಟು ತಿಗಣೆಯನ್ನು ತಿಂದು ಇಲ್ಲಿಯೇ ನೆಲೆ ನಿಂತಿತು. ಇಂದು ಕರ್ನಾಟಕದ ಕಾಫಿ, ದ್ರಾಕ್ಷಿ ತೋಟಗಳಲ್ಲಿ ಹಿಟ್ಟು ತಿಗಣೆಗೆ ಇದನ್ನು ಸಾಕಿ ಬಿಡುವುದುಂಟು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮಿತ್ರಕೀಟಗಳ ವಿಷಯದಲ್ಲಿಯೂ ಕೆಲಸ ಮಾಡುತ್ತಿರುವ ಸಂಸ್ಥೆ.

ಒಂದು ಎಚ್ಚರಿಕೆ. ಕ್ರಿಪ್ಟೋಲೀಮಸ್‌ನ ಮರಿ ಮೈತುಂಬ ಬಿಳಿ ಮೇಣದ ಎಳೆ ಹೊತ್ತು ಹಿಟ್ಟು ತಿಗಣೆಯ ಹಾಗೆಯೇ ಕಾಣುತ್ತದೆ. ಹಿಟ್ಟು ತಿಗಣೆಗಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ. ಇದನ್ನೇ ಪಿಡುಗೆಂದು ತಿಳಿದು ಔಷಧಿ ಹೊಡೆದವರಿದ್ದಾರೆ.

ಪಂಪು ಎತ್ತುವ ಮುನ್ನ

ಇಷ್ಟು ಓದಿದ ಮೇಲೆ ನಿಮ್ಮ ಹೊಲದಲ್ಲಿ ನೀವು ಮಾಡಬಹುದಾದ ಕೆಲವು ಸಂಗತಿಗಳು.

ಬೆಳಗಿನ ಹೊತ್ತು ಹೊಲದ ಹತ್ತಾರು ಕಡೆ ಗಿಡ ಹಿಡಿದು ಎಲೆ ಮಗುಚಿ ನೋಡಿ. ಕೀಟವನ್ನು ಎಣಿಸಿದಂತೆ ಮಿತ್ರರನ್ನೂ ಎಣಿಸಿ. ಚುಕ್ಕೆಯ ಗುಲಗಂಜಿ ಹುಳು, ಮೊಸಳೆ ಮರಿಯಂತಿರುವ ಅದರ ಕಪ್ಪು ಮರಿ, ಕೂದಲೆಳೆಯಂಥ ಕಡ್ಡಿಯ ತುದಿಯಲ್ಲಿ ನಿಂತ ಹಸಿರು ಜಾಲರೆಕ್ಕೆ ಹುಳುವಿನ ಮೊಟ್ಟೆ, ಜೇಡ, ಇವೆಲ್ಲ ನಿಮ್ಮ ಪಾಲಿನ ಕೂಲಿ ಕೇಳದ ಆಳುಗಳು.

ಸಸ್ಯಹೇನು ನಾಲ್ಕು ಕಂಡೊಡನೆ ಔಷಧಿಗೆ ಓಡಬೇಡಿ. ಮಿತ್ರರು ಸಾಕಷ್ಟಿದ್ದರೆ ಕೆಲವು ದಿನ ಕಾದು ಮತ್ತೆ ಎಣಿಸಿ. ಹೊಡೆಯಲೇಬೇಕಾದರೆ ಹುಳು ಬಿದ್ದ ಗಿಡಗಳಿಗಷ್ಟೇ ಹೊಡೆಯಿರಿ. ಯಾವ ಔಷಧಿ ಮಿತ್ರಕೀಟಕ್ಕೆ ಕಡಿಮೆ ಹಾನಿ ಮಾಡುತ್ತದೆ ಎಂಬುದನ್ನು ಅಂಗಡಿಯವರ ಬದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಹಿಟ್ಟು ತಿಗಣೆಯಿದ್ದಲ್ಲಿ ಇರುವೆಯ ಸಾಲನ್ನೂ ನೋಡಿ. ಸಿಹಿ ಅಂಟಿನ ಆಸೆಗೆ ಇರುವೆ ತಿಗಣೆಯನ್ನು ಕಾಯುತ್ತದೆ, ಗುಲಗಂಜಿ ಹುಳುವನ್ನು ಓಡಿಸುತ್ತದೆ. ಇರುವೆ ಬುಡದಿಂದ ಹತ್ತದಂತೆ ಮಾಡಿದರೆ ಅರ್ಧ ಕೆಲಸ ಆದಂತೆ. ಕ್ರಿಪ್ಟೋಲೀಮಸ್ ತಂದು ಬಿಡುವವರು ಅದಕ್ಕೆ ಮೊದಲಾಗಲಿ, ನಂತರವಾಗಲಿ ಕೇಂದ್ರದವರು ಹೇಳಿದಷ್ಟು ದಿನ ಕೀಟನಾಶಕ ಮುಟ್ಟಬೇಡಿ. ಬಿಟ್ಟ ಹುಳುವನ್ನು ನೀವೇ ಕೊಂದಂತಾದೀತು.

ವಿಷವನ್ನೂ ಮಿತ್ರಕೀಟವನ್ನೂ ಎರಡೂ ಕೈಯಲ್ಲಿ ಹಿಡಿದು, ಯಾವುದನ್ನು ಎಲ್ಲಿ ಬಳಸಬೇಕೆಂದು ನೋಡಿ ಬಳಸಿದವರು ರೈಲಿ. ಮುಂದಿನ ಸಲ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ಒಮ್ಮೆ ಹೊಲ ಸುತ್ತಿ ಬನ್ನಿ. ನೀವು ಎಣಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಸಿಂಪರಣೆಯಾದ ಹತ್ತು ದಿನಕ್ಕೆ ಮತ್ತೆ ಎಣಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.